ಗ್ರಹಣ ಅಂದರೆ ನೆರಳು

2025ನೇ ಇಸವಿ ಸೆಪ್ಟೆಂಬರ್ 7. ಅವತ್ತು ಭಾನುವಾರ. ಹುಣ್ಣಿಮೆ. ರಾತ್ರಿ ಚಂದ್ರಗ್ರಹಣ ಇತ್ತು.

ನಮ್ಮ ಊರು ದೇವನೂರು. ಕಡೂರು ತಾಲ್ಲೂಕಿನ ಊರು. ಜೈಮಿನಿ ಭಾರತ ಬರೆದ ಲಕ್ಷ್ಮೀಶ ಕವಿಯ ಊರು ಅಂತ ಹೆಸರಾಗಿದೆ. ಇಲ್ಲಿ ನಾವು ಹತ್ತು ಹನ್ನೆರಡು ಹೆಂಗಸರು ಸೇರಿ ಓದುತ್ತೇವೆ. ಹೊಲದ ಕೆಲಸ, ಮನೆ ಕೆಲಸ ಮುಗಿಸಿ ಬರುತ್ತೇವೆ. ಅಕ್ಷರ ಕೂಡಿಸಿ ಓದುವುದು ಈಗ ನಮಗೆ ಬರುತ್ತದೆ.

ಅವತ್ತು ಸಂಜೆ ನಾಲ್ಕು ಗಂಟೆಗೆ ಎಲ್ಲರೂ ಸೇರಿದೆವು. ನಮ್ಮಲ್ಲಿ ಒಬ್ಬ ಹುಡುಗಿ ಇದ್ದಾಳೆ. ಆಗ ಅವಳು ಏಳು ತಿಂಗಳ ಬಸುರಿ. ಚೊಚ್ಚಲು. ಅವಳ ಮುಖ ಬಾಡಿತ್ತು.

"ಯಾಕೆ ತಂಗಿ, ಊಟ ಮಾಡಲಿಲ್ವಾ?" ಅಂತ ಕೇಳಿದೆವು.

"ಹನ್ನೆರಡು ಗಂಟೆಗೇ ಮಾಡಿದೆ ಅಕ್ಕ. ಇನ್ನು ಗ್ರಹಣ ಬಿಡೋವರೆಗೂ ಏನೂ ತಿನ್ನಬಾರದಂತೆ. ನೀರೂ ಕುಡಿಯಬಾರದಂತೆ. ಕತ್ತಲೆ ಆದ ಮೇಲೆ ಒಳಗೇ ಇರಬೇಕಂತೆ. ಚಾಕು, ಕತ್ತರಿ, ಸೂಜಿ ಮುಟ್ಟಬಾರದಂತೆ."

ಗ್ರಹಣ ಬಿಡುವುದು ರಾತ್ರಿ ಒಂದೂವರೆಗೆ. ಲೆಕ್ಕ ಹಾಕಿದೆವು. ಹದಿಮೂರು ಗಂಟೆಗಿಂತ ಹೆಚ್ಚು ಹೊತ್ತು. ಅಷ್ಟು ಹೊತ್ತು ಬಸುರಿ ಹೆಂಗಸು ಹನಿ ನೀರಿಲ್ಲದೆ ಇರಬೇಕು!

ಅವಳ ಅತ್ತೆ ಕೆಟ್ಟವರಲ್ಲ. ಸೊಸೆಯನ್ನು ಮಗಳ ಹಾಗೆ ನೋಡಿಕೊಳ್ಳುತ್ತಾರೆ. ಅವರಿಗೆ ಇದ್ದದ್ದು ಭಯ. ಕೆಲವು ವರ್ಷದ ಹಿಂದೆ ಒಂದು ಮನೆಯಲ್ಲಿ ಸೀಳುತುಟಿಯ ಮಗು ಹುಟ್ಟಿತ್ತು. "ತಾಯಿ ಗ್ರಹಣದಲ್ಲಿ ಈರುಳ್ಳಿ ಹೆಚ್ಚಿದಳು, ಅದಕ್ಕೇ ಹೀಗಾಯ್ತು" ಅಂತ ಜನ ಅಂದರು. ಆ ತಾಯಿ ಇವತ್ತಿಗೂ ನಾಲ್ಕು ಜನರ ಮುಂದೆ ತಲೆ ಎತ್ತಿ ಮಾತಾಡುವುದಿಲ್ಲ.

ಇದು ಸರಿಯೇ? ಗ್ರಹಣ ಅಂದರೆ ಏನು? ಅದು ಹೊಟ್ಟೆಯಲ್ಲಿರೋ ಮಗುವನ್ನು ಮುಟ್ಟುತ್ತದೆಯೇ?

ಅವತ್ತು ನಾವು ಬೇರೆ ಪಾಠ ಓದಲಿಲ್ಲ. ಆ ಅತ್ತೆಯನ್ನೂ ಕರೆದು ಕೂರಿಸಿದೆವು. ಬಾಗಿಲು ಹಾಕಿ ದೀಪ ಹಚ್ಚಿ ಆಕಾಶದ ಪಾಠ ಕಲಿತೆವು. ಅದೇ ಈ ಪಾಠ.

ನಮಗೆ ಆಗಲೇ ಗೊತ್ತಿರುವುದು

"ಆಕಾಶದ ವಿಷಯ ನಮಗೇನು ಗೊತ್ತು?" ಅಂತ ಒಬ್ಬ ಅಜ್ಜಿ ಅಂದರು.

ಪಾಠ ಹೇಳುವ ಅಕ್ಕ ನಕ್ಕರು. "ಅಜ್ಜಿ, ಮಳೆಗಳ ಹೆಸರು ಹೇಳಿ ನೋಡೋಣ" ಅಂದರು.

ಅಜ್ಜಿ ಒಂದೇ ಉಸಿರಿಗೆ ಹೇಳಿದರು. "ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ..."

ಭರಣಿ ಸುರಿದರೆ ಧರಣಿ ಬದುಕೀತು ಅಂತ ಗಾದೆ. ಯಾವ ಮಳೆಗೆ ಉಳಬೇಕು, ಯಾವ ಮಳೆಗೆ ಬಿತ್ತಬೇಕು ಅಂತ ನಮಗೆ ಗೊತ್ತು. ಆದರೆ ಈ ಹೆಸರು ಯಾರದು? ಇವೆಲ್ಲಾ ನಕ್ಷತ್ರಗಳ ಹೆಸರು! ನಮ್ಮ ಹಿರಿಯರು ಆಕಾಶವನ್ನು 27 ಭಾಗ ಮಾಡಿದರು. ಒಂದೊಂದು ಭಾಗಕ್ಕೆ ಅಲ್ಲಿರುವ ನಕ್ಷತ್ರದ ಹೆಸರಿಟ್ಟರು. ಸೂರ್ಯ ರೋಹಿಣಿಯ ಭಾಗದಲ್ಲಿ ಇರುವ ಹದಿಮೂರು ಹದಿನಾಲ್ಕು ದಿನದಲ್ಲಿ ಬರುವ ಮಳೆ ರೋಹಿಣಿ ಮಳೆ. 27 ಭಾಗ ಮುಗಿದರೆ ಒಂದು ವರ್ಷ.

ವಾರದ ಹೆಸರೂ ಹಾಗೆಯೇ. ಭಾನು ಅಂದರೆ ಸೂರ್ಯ. ಸೋಮ ಅಂದರೆ ಚಂದ್ರ. ಮಂಗಳ, ಬುಧ, ಗುರು, ಶುಕ್ರ, ಶನಿ ಇವು ಐದು ಗ್ರಹಗಳು. ಅಕ್ಷರ ಬರುವ ಮೊದಲೇ ಆಕಾಶ ನಮ್ಮ ಬಾಯಲ್ಲಿತ್ತು. ಅದನ್ನು ಈಗ ಸರಿಯಾಗಿ ತಿಳಿಯಬೇಕು, ಅಷ್ಟೇ.

ಭೂಮಿ ತಿರುಗುತ್ತದೆ

ಕೋಣೆ ನಡುವೆ ದೀಪ ಇಟ್ಟೆವು. ದೀಪವೇ ಸೂರ್ಯ. ನಮ್ಮ ತಲೆಯೇ ಭೂಮಿ.

ಮೊದಲು ನಿಂತಲ್ಲೇ ಒಂದು ಸುತ್ತು ತಿರುಗಿದೆವು. ದೀಪದ ಕಡೆ ಮುಖ ಇದ್ದಾಗ ಬೆಳಕು. ಅದು ಹಗಲು. ಬೆನ್ನು ತಿರುಗಿದಾಗ ಕತ್ತಲು. ಅದು ರಾತ್ರಿ. ಭೂಮಿ ತನ್ನ ಸುತ್ತ ತಾನೇ ತಿರುಗುತ್ತದೆ. ಒಂದು ಸುತ್ತಿಗೆ 24 ಗಂಟೆ. ಸೂರ್ಯ ಹುಟ್ಟುವುದೂ ಇಲ್ಲ, ಮುಳುಗುವುದೂ ಇಲ್ಲ. ನಾವು ತಿರುಗುತ್ತೇವೆ. ಬಸ್ಸಿನಲ್ಲಿ ಕೂತಾಗ ದಾರಿಯ ಮರ ಹಿಂದೆ ಓಡಿದಂತೆ ಕಾಣುತ್ತದಲ್ಲ, ಹಾಗೆ.

ಆಮೇಲೆ ದೀಪದ ಸುತ್ತ ನಡೆದೆವು. ದೀಪದ ಆಚೆ ಏನು ಕಾಣುತ್ತದೆ ಅಂತ ನೋಡುತ್ತಾ ನಡೆದೆವು. ಮೊದಲು ದೀಪದ ಹಿಂದೆ ಬಾಗಿಲು ಕಂಡಿತು. ಸ್ವಲ್ಪ ಮುಂದೆ ನಡೆದಾಗ ಕಿಟಕಿ ಕಂಡಿತು. ಇನ್ನೂ ಮುಂದೆ ಹೋದಾಗ ಕಪ್ಪು ಹಲಗೆ ಕಂಡಿತು. ದೀಪ ಇದ್ದಲ್ಲೇ ಇತ್ತು. ನಾವು ನಡೆದಿದ್ದರಿಂದ ದೀಪವೇ ಜಾಗ ಬದಲಿಸಿದಂತೆ ಕಂಡಿತು.

ಭೂಮಿ ಸೂರ್ಯನ ಸುತ್ತ ಹೀಗೆಯೇ ಸುತ್ತುತ್ತದೆ. ಒಂದು ಸುತ್ತಿಗೆ 365 ದಿನ ಮತ್ತು ಸುಮಾರು ಆರು ಗಂಟೆ. ಅದಕ್ಕೇ ಸೂರ್ಯ ಒಮ್ಮೆ ಭರಣಿಯಲ್ಲಿ, ಒಮ್ಮೆ ರೋಹಿಣಿಯಲ್ಲಿ ಇದ್ದಂತೆ ಕಾಣುತ್ತದೆ.

ಇಲ್ಲಿ ಒಂದು ತಮಾಷೆ ಇದೆ. ರೋಹಿಣಿ ಮಳೆ ಮೇ ಕೊನೆಯಲ್ಲಿ ಬರುತ್ತದೆ. ಆಗ ರೋಹಿಣಿ ನಕ್ಷತ್ರ ಕಾಣುವುದಿಲ್ಲ. ಅದು ಸೂರ್ಯನ ಜೊತೆಗೇ ಹಗಲಲ್ಲಿ ಇರುತ್ತದೆ. ಅದನ್ನು ನೋಡಬೇಕಾದರೆ ಡಿಸೆಂಬರ್ ತಿಂಗಳ ರಾತ್ರಿ ಮೂಡಣ ದಿಕ್ಕಿಗೆ ನೋಡಬೇಕು. ಕೆಂಪಗೆ ಮಿನುಗುವ ಚುಕ್ಕಿಯೇ ರೋಹಿಣಿ. ಅದರ ಹತ್ತಿರ ಸಣ್ಣ ಚುಕ್ಕಿಗಳ ಒಂದು ಗೊಂಚಲು ಇರುತ್ತದೆ. ಅದೇ ಕೃತ್ತಿಕೆ.

ಸೂರ್ಯನ ಮನೆಮಂದಿ

ಸೂರ್ಯನ ಸುತ್ತ ಎಂಟು ಗ್ರಹಗಳು ಸುತ್ತುತ್ತವೆ. ಬುಧ, ಶುಕ್ರ, ಭೂಮಿ, ಮಂಗಳ, ಗುರು, ಶನಿ, ಯುರೇನಸ್, ನೆಪ್ಚೂನ್. ಸೂರ್ಯ ಮತ್ತು ಅದರ ಸುತ್ತ ಇರುವ ಎಲ್ಲವೂ ಸೇರಿ ಸೌರಮಂಡಲ.

"ನವಗ್ರಹ ಅಂತಾರಲ್ಲ? ಎಂಟು ಹೇಗಾಯ್ತು?" ಅಂತ ಅತ್ತೆ ಕೇಳಿದರು. ಒಳ್ಳೆ ಪ್ರಶ್ನೆ.

ಹಿಂದಿನವರ ಲೆಕ್ಕದ ನವಗ್ರಹದಲ್ಲಿ ಸೂರ್ಯ, ಚಂದ್ರ, ರಾಹು, ಕೇತು ಸೇರಿದ್ದರು. ಸೂರ್ಯ ಗ್ರಹವಲ್ಲ, ನಕ್ಷತ್ರ. ಚಂದ್ರ ಭೂಮಿಯ ಸುತ್ತ ಸುತ್ತುವ ಉಪಗ್ರಹ. ರಾಹು ಕೇತುಗಳ ಮಾತು ಮುಂದೆ ಬರುತ್ತದೆ. ಈ ನಾಲ್ಕು ಬಿಟ್ಟರೆ ಉಳಿದದ್ದು ಐದು. ನಮ್ಮ ಭೂಮಿಯೂ ಒಂದು ಗ್ರಹವೇ. ಅಲ್ಲಿಗೆ ಆರು. ದೂರದರ್ಶಕ ಬಂದ ಮೇಲೆ 1781ರಲ್ಲಿ ಯುರೇನಸ್, 1846ರಲ್ಲಿ ನೆಪ್ಚೂನ್ ಸಿಕ್ಕವು. ಒಟ್ಟು ಎಂಟು. ಪ್ಲೂಟೊವನ್ನು ಮೊದಲು ಒಂಬತ್ತನೆಯದು ಅನ್ನುತ್ತಿದ್ದರು. 2006ರಲ್ಲಿ ವಿಜ್ಞಾನಿಗಳು ಅದನ್ನು ಕುಬ್ಜ ಗ್ರಹ ಅಂತ ಬೇರೆ ಮಾಡಿದರು.

ಬೆಳ್ಳಿ ಮೂಡಿತು ಅನ್ನುತ್ತೇವಲ್ಲ? ಹಿಂದೆ ಬೆಳ್ಳಿ ಮೂಡುವ ಹೊತ್ತಿಗೆ ಎದ್ದು ರಾಗಿ ಬೀಸುತ್ತಿದ್ದರು. ಆ ಬೆಳ್ಳಿ ಚುಕ್ಕಿ ನಕ್ಷತ್ರವಲ್ಲ. ಅದೇ ಶುಕ್ರ ಗ್ರಹ. ಗ್ರಹಗಳಿಗೆ ಸ್ವಂತ ಬೆಳಕಿಲ್ಲ. ಸೂರ್ಯನ ಬೆಳಕು ಬಿದ್ದು ಹೊಳೆಯುತ್ತವೆ.

ರಾಗಿ ಕಾಳು, ತೆಂಗಿನಕಾಯಿ

ಸೂರ್ಯ ಎಷ್ಟು ದೊಡ್ಡದು? ಭೂಮಿ ಎಷ್ಟು ಸಣ್ಣದು? ನಮ್ಮ ಹೊಲದ ಬೆಳೆಯಲ್ಲೇ ಅಳೆದೆವು.

ಭೂಮಿ ಒಂದು ರಾಗಿ ಕಾಳು ಅಂದುಕೊಳ್ಳಿ. ಆಗ ಸೂರ್ಯ ಸಿಪ್ಪೆ ಸುಲಿಯದ ಒಂದು ತೆಂಗಿನಕಾಯಿ. ರಾಗಿ ಕಾಳನ್ನು ತೆಂಗಿನಕಾಯಿಯಿಂದ ಸುಮಾರು 24 ಹೆಜ್ಜೆ ದೂರ ಇಡಬೇಕು. ಚಂದ್ರ ಸಣ್ಣ ರವೆಯ ಒಂದು ಕಣ. ರಾಗಿ ಕಾಳಿನಿಂದ ಮೂರು ಬೆರಳು ದೂರ. ಗುರು ಗ್ರಹ ಮಕ್ಕಳು ಆಡುವ ಗೋಲಿಯಷ್ಟು. ಅದು ಇರುವುದು 125 ಹೆಜ್ಜೆ ದೂರದಲ್ಲಿ. ಕೊನೆಯ ನೆಪ್ಚೂನ್ ಅರ್ಧ ಕಿಲೋಮೀಟರಿಗಿಂತ ಆಚೆ.

ನಿಜವಾದ ಲೆಕ್ಕ ಹೀಗಿದೆ. ಭೂಮಿಯಿಂದ ಸೂರ್ಯನಿಗೆ ಸುಮಾರು 15 ಕೋಟಿ ಕಿಲೋಮೀಟರ್. ಚಂದ್ರನಿಗೆ ಸುಮಾರು 3 ಲಕ್ಷ 84 ಸಾವಿರ ಕಿಲೋಮೀಟರ್. ಸೂರ್ಯನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ 109 ಭೂಮಿಗಳನ್ನು ಸಾಲಾಗಿ ಇಡಬಹುದು.

ಬೆಳಕಿಗಿಂತ ಬೇಗ ಓಡುವುದು ಯಾವುದೂ ಇಲ್ಲ. ಒಂದು ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ಆದರೂ ಸೂರ್ಯನಿಂದ ಬೆಳಕು ನಮ್ಮ ಅಂಗಳಕ್ಕೆ ಬರಲು ಎಂಟು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಬೇಕು. ಒಲೆ ಮೇಲಿಟ್ಟ ಹಾಲು ಉಕ್ಕುವಷ್ಟು ಹೊತ್ತು!

ಅರುಂಧತಿ ಎಲ್ಲಿದ್ದಾಳೆ?

ಮದುವೆ ದಿನ ನಮಗೆಲ್ಲಾ ಅರುಂಧತಿ ನಕ್ಷತ್ರ ತೋರಿಸಿದರು. "ಕಂಡಿತಾ?" ಅಂತ ಕೇಳಿದರು. "ಕಂಡಿತು" ಅಂದೆವು. ನಡು ಹಗಲಲ್ಲಿ ಯಾವ ನಕ್ಷತ್ರ ಕಾಣುತ್ತದೆ? ಇದನ್ನು ನೆನೆದು ಎಲ್ಲರೂ ನಕ್ಕೆವು.

ನಿಜವಾಗಿ ನೋಡಬೇಕಾದರೆ ಏಪ್ರಿಲ್, ಮೇ ತಿಂಗಳ ರಾತ್ರಿ ಉತ್ತರ ದಿಕ್ಕಿಗೆ ನೋಡಿ. ಸಪ್ತರ್ಷಿ ಮಂಡಲದ ಏಳು ಚುಕ್ಕಿ ಕಾಣುತ್ತವೆ. ಬಾಲದ ಕಡೆಯಿಂದ ಎರಡನೆಯದು ವಸಿಷ್ಠ. ಅದಕ್ಕೆ ಅಂಟಿಕೊಂಡಂತೆ ಒಂದು ಸಣ್ಣ ಚುಕ್ಕಿ ಇದೆ. ಅವಳೇ ಅರುಂಧತಿ. ಅಲ್ಲಿಂದ ಬೆಳಕು ನಮಗೆ ಬರಲು ಸುಮಾರು 80 ವರ್ಷ ಬೇಕು. ಈಗ ನಾವು ನೋಡುವ ಬೆಳಕು ನಮ್ಮ ಅಜ್ಜಿಯರು ಹುಡುಗಿಯರಾಗಿದ್ದಾಗ ಹೊರಟಿದ್ದು.

ನಕ್ಷತ್ರಗಳು ಅಂದರೆ ದೂರದ ಸೂರ್ಯಗಳು. ದೂರ ಇರುವುದರಿಂದ ಚುಕ್ಕಿಯಂತೆ ಕಾಣುತ್ತವೆ. ನಮ್ಮ ಸೂರ್ಯ ತೆಂಗಿನಕಾಯಿಯಾದರೆ ಅತಿ ಹತ್ತಿರದ ನಕ್ಷತ್ರ ಎಷ್ಟು ದೂರ ಗೊತ್ತಾ? ಇಲ್ಲಿಂದ ಕಾಶ್ಮೀರದ ಶ್ರೀನಗರಕ್ಕೆ ನೇರ ಹಾರಿ ಹೋಗಿ ವಾಪಸು ಬಂದಷ್ಟು!

ಬೆಳದಿಂಗಳಿಲ್ಲದ ರಾತ್ರಿ ಊರ ಹೊರಗೆ ನಿಂತರೆ ಆಕಾಶದಲ್ಲಿ ಹಾಲು ಚೆಲ್ಲಿದಂತೆ ಒಂದು ಪಟ್ಟಿ ಕಾಣುತ್ತದೆ. ಅದು ಆಕಾಶಗಂಗೆ. ಅದರಲ್ಲಿ ಹತ್ತು ಸಾವಿರ ಕೋಟಿಗೂ ಹೆಚ್ಚು ನಕ್ಷತ್ರಗಳಿವೆ. ನಮ್ಮ ಸೂರ್ಯನೂ ಅದರಲ್ಲಿ ಒಂದು. ಇಂಥ ನಕ್ಷತ್ರಗಳ ಗುಂಪುಗಳು ಇನ್ನೂ ಎಷ್ಟೋ ಸಾವಿರ ಕೋಟಿ ಇವೆ. ಎಲ್ಲಾ ಸೇರಿ ವಿಶ್ವ. ವಿಶ್ವಕ್ಕೆ ವಯಸ್ಸು ಸುಮಾರು 1,380 ಕೋಟಿ ವರ್ಷ ಅಂತ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಭೂಮಿಗೆ ಸುಮಾರು 450 ಕೋಟಿ ವರ್ಷ.

ಇಷ್ಟು ದೊಡ್ಡ ವಿಶ್ವದಲ್ಲಿ ನಮ್ಮ ಮಾತು ಈಗ ರಾಗಿ ಕಾಳು ಮತ್ತು ರವೆ ಕಣದ ಹತ್ತಿರ ಬರಲಿ. ಗ್ರಹಣ ನಡೆಯುವುದು ಅಲ್ಲಿ.

ಗ್ರಹಣ ಹೇಗೆ ಆಗುತ್ತದೆ?

ಒಂದು ಕಡ್ಡಿಗೆ ನಿಂಬೆಹಣ್ಣು ಚುಚ್ಚಿದೆವು. ನಿಂಬೆಹಣ್ಣೇ ಚಂದ್ರ. ದೀಪವೇ ಸೂರ್ಯ. ತಲೆ ಭೂಮಿ. ಕಡ್ಡಿ ಹಿಡಿದು ಕೈ ಚಾಚಿ ನಿಂತೆವು.

ದೀಪಕ್ಕೆ ಬೆನ್ನು ಮಾಡಿ, ನಿಂಬೆಹಣ್ಣನ್ನು ತಲೆಗಿಂತ ಸ್ವಲ್ಪ ಮೇಲೆ ಹಿಡಿದೆವು. ಅದರ ಮೇಲೆ ಪೂರ್ತಿ ಬೆಳಕು ಬಿತ್ತು. ಅದು ಹುಣ್ಣಿಮೆ. ನಿಧಾನವಾಗಿ ಕೆಳಗೆ ಇಳಿಸಿದೆವು. ನಮ್ಮ ತಲೆಯ ನೆರಳು ನಿಂಬೆಹಣ್ಣಿನ ಮೇಲೆ ಬಿತ್ತು. ಅದು ಕಪ್ಪಾಯಿತು.

"ಅಯ್ಯೋ, ಇದು ನನ್ನ ತಲೆ ನೆರಳು!" ಅಂದಳು ಆ ಹುಡುಗಿ.

ಹೌದು. ಅದೇ ಚಂದ್ರಗ್ರಹಣ. ಸೂರ್ಯ ಒಂದು ಕಡೆ, ಚಂದ್ರ ಇನ್ನೊಂದು ಕಡೆ, ನಡುವೆ ಭೂಮಿ. ಭೂಮಿಯ ನೆರಳು ಚಂದ್ರನ ಮೇಲೆ ಬೀಳುತ್ತದೆ. ಅದಕ್ಕೇ ಚಂದ್ರಗ್ರಹಣ ಯಾವಾಗಲೂ ಹುಣ್ಣಿಮೆಯ ದಿನ.

ಆಮೇಲೆ ದೀಪದ ಕಡೆ ತಿರುಗಿದೆವು. ನಿಂಬೆಹಣ್ಣನ್ನು ಕಣ್ಣಿಗೂ ದೀಪಕ್ಕೂ ನಡುವೆ ಹಿಡಿದೆವು. ದೀಪ ಮರೆಯಾಯಿತು. ಅದೇ ಸೂರ್ಯಗ್ರಹಣ. ಅದು ಯಾವಾಗಲೂ ಅಮಾವಾಸ್ಯೆಯ ದಿನ. ಸಣ್ಣ ಚಂದ್ರ ದೊಡ್ಡ ಸೂರ್ಯನನ್ನು ಹೇಗೆ ಮುಚ್ಚುತ್ತದೆ? ಸೂರ್ಯ ಚಂದ್ರನಿಗಿಂತ ಸುಮಾರು 400 ಪಟ್ಟು ದೊಡ್ಡದು. ಆದರೆ ಸುಮಾರು 400 ಪಟ್ಟು ದೂರದಲ್ಲೂ ಇದೆ. ಹಾಗಾಗಿ ಎರಡೂ ಒಂದೇ ಅಳತೆಯಲ್ಲಿ ಕಾಣುತ್ತವೆ. ಕಣ್ಣ ಹತ್ತಿರ ಹಿಡಿದ ನಾಣ್ಯ ದೂರದ ಗೋಪುರವನ್ನೇ ಮುಚ್ಚುತ್ತದಲ್ಲ, ಹಾಗೆ.

ಹಾಗಾದರೆ ಪ್ರತಿ ಹುಣ್ಣಿಮೆಗೂ ಗ್ರಹಣ ಯಾಕಿಲ್ಲ? ಚಂದ್ರನ ದಾರಿ ಸ್ವಲ್ಪ ಓರೆಯಾಗಿದೆ. ಹೆಚ್ಚಿನ ಹುಣ್ಣಿಮೆಯಲ್ಲಿ ಚಂದ್ರ ನೆರಳಿನ ಮೇಲೋ ಕೆಳಗೋ ದಾಟಿ ಹೋಗುತ್ತದೆ.

ರಾಹು ಕೇತು ಯಾರು?

ಆಕಾಶದಲ್ಲಿ ಸೂರ್ಯ ಸಾಗುವಂತೆ ಕಾಣುವ ದಾರಿ ಒಂದು. ಚಂದ್ರನ ದಾರಿ ಇನ್ನೊಂದು. ಎರಡು ಬಂಡಿ ಜಾಡು ಒಂದನ್ನೊಂದು ದಾಟಿದಂತೆ, ಈ ಎರಡು ದಾರಿ ಎರಡು ಕಡೆ ಕೂಡುತ್ತವೆ. ಆ ಎರಡು ಜಾಗಗಳ ಹೆಸರೇ ರಾಹು ಮತ್ತು ಕೇತು. ಅಲ್ಲಿ ಹಾವೂ ಇಲ್ಲ, ರಾಕ್ಷಸನೂ ಇಲ್ಲ. ಆ ಜಾಗದ ಹತ್ತಿರ ಹುಣ್ಣಿಮೆ ಅಥವಾ ಅಮಾವಾಸ್ಯೆ ಬಂದರೆ ಗ್ರಹಣ.

ಪಂಚಾಂಗದವರು ಗ್ರಹಣದ ಗಂಟೆ ನಿಮಿಷ ಮೊದಲೇ ಹೇಳುತ್ತಾರೆ. ಹೇಗೆ? ಲೆಕ್ಕದಿಂದ. ಹಸಿದ ರಾಕ್ಷಸ ಗಡಿಯಾರ ನೋಡಿ ಬರುತ್ತಾನೆಯೇ?

ಇದು ಹೊರಗಿನವರು ಹೇಳಿದ ಮಾತೂ ಅಲ್ಲ. ಆರ್ಯಭಟ ಅನ್ನುವ ನಮ್ಮ ದೇಶದ ಗಣಿತಜ್ಞ 499ನೇ ಇಸವಿಯಲ್ಲೇ ಪುಸ್ತಕ ಬರೆದರು. ಗ್ರಹಣ ಆಗುವುದು ನೆರಳಿನಿಂದ ಅಂತ ಹೇಳಿದರು. ಭಾರತದ ಮೊದಲ ಉಪಗ್ರಹಕ್ಕೆ ಅವರ ಹೆಸರನ್ನೇ ಇಟ್ಟರು. ಅದು ಬೆಂಗಳೂರಿನ ಪೀಣ್ಯದಲ್ಲಿ ತಯಾರಾಯಿತು. 1975ರ ಏಪ್ರಿಲ್ 19ರಂದು ಆಕಾಶಕ್ಕೆ ಹೋಯಿತು. ಆ ಕೆಲಸದ ಮುಂದಾಳು ಉಡುಪಿ ಕಡೆಯ ಅದಮಾರಿನವರಾದ ಯು. ಆರ್. ರಾವ್.

ಚಂದ್ರನ ಮೇಲೆ ನಮ್ಮ ಯಂತ್ರವೂ ಇಳಿದಿದೆ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿಯಿತು. ಬೆಂಗಳೂರಿನಲ್ಲಿ ಕೂತು ಅದನ್ನು ಇಳಿಸಿದರು. ಅದರ ಸಹ ಯೋಜನಾ ನಿರ್ದೇಶಕಿ ಕೆ. ಕಲ್ಪನಾ. ಸೂರ್ಯನನ್ನು ನೋಡಲು ಕಳಿಸಿದ ಆದಿತ್ಯ-ಎಲ್1ರ ಯೋಜನಾ ನಿರ್ದೇಶಕಿ ನಿಗಾರ್ ಶಾಜಿ. ಆ ನೌಕೆ 2024ರ ಜನವರಿ 6ರಂದು 15 ಲಕ್ಷ ಕಿಲೋಮೀಟರ್ ದೂರದ ತನ್ನ ಜಾಗ ಸೇರಿತು. ಹೆಂಗಸರು ಸೂರ್ಯ ಚಂದ್ರರ ಕಡೆಗೇ ನೌಕೆ ಕಳಿಸಿದ್ದಾರೆ. ನಾವು ಅವುಗಳ ನೆರಳಿಗೆ ಹೆದರಿ ಹಸಿದು ಕೂರಬೇಕೇ?

ಭಯದಿಂದ ಆದ ಕೆಡುಕು

1980ರ ಫೆಬ್ರವರಿ 16ರಂದು ಹುಬ್ಬಳ್ಳಿ, ರಾಯಚೂರು ಕಡೆ ಪೂರ್ಣ ಸೂರ್ಯಗ್ರಹಣ ಆಯಿತು. ನಡು ಮಧ್ಯಾಹ್ನದ ಮೇಲೆ ಕತ್ತಲಾಯಿತು. ವಿಜ್ಞಾನಿಗಳು ದೂರ ದೂರದಿಂದ ಬಂದು ನೋಡಿದರು. ಎಷ್ಟೋ ಜನ ಬಾಗಿಲು ಹಾಕಿಕೊಂಡು ಒಳಗೇ ಕೂತರು.

2019ರ ಡಿಸೆಂಬರ್ 26ರ ಬೆಳಿಗ್ಗೆ ಇನ್ನೊಂದು ಸೂರ್ಯಗ್ರಹಣ. ಕೊಡಗಿನ ಕುಟ್ಟದ ಕಡೆ, ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಸೂರ್ಯ ಬಳೆಯ ಹಾಗೆ ಕಂಡಿತು. ನಮ್ಮ ಕಡೆ ಬಹುಪಾಲು ಮುಚ್ಚಿತ್ತು. ಅದೇ ದಿನ ಕಲಬುರಗಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಲ್ಲಿ ಹೂತು ನಿಲ್ಲಿಸಿದ್ದರು. ಗ್ರಹಣದಲ್ಲಿ ಹೂತರೆ ಅಂಗ ಸರಿಹೋಗುತ್ತದೆ ಅಂತ ನಂಬಿದ್ದರು. ಮಕ್ಕಳು ಅಳುತ್ತಿದ್ದವು. ಆ ತಾಯಂದಿರು ಮಕ್ಕಳ ಮೇಲೆ ಪ್ರೀತಿ ಇಲ್ಲದವರೇ? ಅಲ್ಲ. ತಿಳಿವಳಿಕೆ ಇಲ್ಲದಾಗ ಪ್ರೀತಿಯೇ ಕಷ್ಟ ಕೊಡುತ್ತದೆ.

ಸೀಳುತುಟಿ ಯಾಕೆ ಬರುತ್ತದೆ?

ಮಗುವಿನ ತುಟಿಯ ಎರಡು ಕಡೆ ಬಸಿರಿನ ಮೊದಲ ಎರಡು ತಿಂಗಳೊಳಗೇ ಕೂಡಿಕೊಳ್ಳುತ್ತವೆ. ಅಂಗುಳ ಮೂರು ತಿಂಗಳೊಳಗೆ ಕೂಡುತ್ತದೆ. ಕೂಡದೆ ಉಳಿದರೆ ಸೀಳು. ಏಳನೇ ತಿಂಗಳಲ್ಲಿ ಈರುಳ್ಳಿ ಹೆಚ್ಚಿದರೆ, ಆಗಲೇ ಕೂಡಿದ ತುಟಿ ಸೀಳುತ್ತದೆಯೇ? ಇಲ್ಲ. ಗ್ರಹಣವೇ ಕಾಣದ ದೇಶದಲ್ಲಿ, ಗ್ರಹಣವೇ ಇಲ್ಲದ ತಿಂಗಳಲ್ಲಿ ಕೂಡ ಸೀಳುತುಟಿಯ ಮಕ್ಕಳು ಹುಟ್ಟುತ್ತವೆ.

ಕೆಲವು ಸಲ ಅದು ವಂಶದಿಂದ ಬರುತ್ತದೆ. ಬೀಡಿ ಸಿಗರೇಟು ಸೇದುವುದು, ಡಾಕ್ಟರನ್ನು ಕೇಳದೆ ನುಂಗಿದ ಕೆಲವು ಮಾತ್ರೆ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಇವುಗಳಿಂದಲೂ ಬರಬಹುದು. ಎಷ್ಟೋ ಸಲ ಇದೇ ಕಾರಣ ಅಂತ ಡಾಕ್ಟರೂ ಹೇಳಲಾರರು. ಆದರೆ ತಾಯಿಯ ತಪ್ಪಲ್ಲ. ಚಾಕುವಿನ ತಪ್ಪಲ್ಲ. ಚಂದ್ರನ ತಪ್ಪೂ ಅಲ್ಲ.

ಸೀಳುತುಟಿಗೆ ಶಸ್ತ್ರಚಿಕಿತ್ಸೆ ಇದೆ. ಮಗುವಿಗೆ ಮೂರರಿಂದ ಆರು ತಿಂಗಳಾದಾಗ ತುಟಿ ಹೊಲಿಯುತ್ತಾರೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಇದಕ್ಕೆ ಸರ್ಕಾರದ ನೆರವು ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ತೋರಿಸುತ್ತಾರೆ. ಮಗುವಿಗೆ ಬೇಕಾದದ್ದು ಚಿಕಿತ್ಸೆ. ತಾಯಿಗೆ ಬೇಕಾದದ್ದು ಧೈರ್ಯ.

ಗ್ರಹಣದ ದಿನ ಏನು ಮಾಡಬೇಕು?

ಬಸುರಿ ಹೆಂಗಸು ಹೊತ್ತು ಹೊತ್ತಿಗೆ ಊಟ ಮಾಡಬೇಕು. ನೀರು ಕುಡಿಯಬೇಕು. ಮಾತ್ರೆ ಬಿಡಬಾರದು. ನೋವು ಬಂದರೆ, ರಕ್ತ ಹೋದರೆ, ಗ್ರಹಣ ಬಿಡಲಿ ಅಂತ ಕಾಯಬಾರದು. ಕೂಡಲೇ ಆಸ್ಪತ್ರೆಗೆ ಹೋಗಬೇಕು. 108ಕ್ಕೆ ಫೋನ್ ಮಾಡಬೇಕು. ಎಳೆ ಮಗುವಿಗೆ ಹಾಲು ಕೊಡುವುದನ್ನೂ ನಿಲ್ಲಿಸಬಾರದು.

ಚಂದ್ರಗ್ರಹಣವನ್ನು ಬರಿಗಣ್ಣಿನಿಂದ ಎಷ್ಟು ಹೊತ್ತಾದರೂ ನೋಡಬಹುದು. ಏನೂ ಆಗುವುದಿಲ್ಲ.

ಸೂರ್ಯಗ್ರಹಣ ಹಾಗಲ್ಲ. ಸೂರ್ಯನನ್ನು ಬರಿಗಣ್ಣಿನಿಂದ ಯಾವತ್ತೂ ದಿಟ್ಟಿಸಿ ನೋಡಬಾರದು. ಗ್ರಹಣದ ದಿನವೂ ನೋಡಬಾರದು. ಕಣ್ಣು ಶಾಶ್ವತವಾಗಿ ಹಾಳಾಗಬಹುದು. ಇದು ರಾಹುವಿನ ವಿಷವಲ್ಲ, ಸೂರ್ಯನ ಬೆಳಕಿನ ಶಕ್ತಿ. ಮಸಿ ಹಿಡಿದ ಗಾಜು, ಎಕ್ಸ್‌ರೇ ಹಾಳೆ, ಸಗಣಿ ನೀರು, ಯಾವುದೂ ಬೇಡ. ಗ್ರಹಣ ನೋಡಲೆಂದೇ ಮಾಡಿದ ಒಳ್ಳೆ ಕನ್ನಡಕ ಇದ್ದರೆ ಮಾತ್ರ ನೋಡಿ. ಇಲ್ಲದಿದ್ದರೆ ಸೂರ್ಯನಿಗೆ ಬೆನ್ನು ಮಾಡಿ ನಿಂತು ಜರಡಿ ಹಿಡಿಯಿರಿ. ಅದರ ಒಂದೊಂದು ತೂತಿನಿಂದ ನೆಲದ ಮೇಲೆ ಒಂದೊಂದು ಪುಟ್ಟ ಗ್ರಹಣ ಮೂಡುತ್ತದೆ. 2027ರ ಆಗಸ್ಟ್ 2ರ ಸಂಜೆ ನಮ್ಮ ನಾಡಿನಲ್ಲಿ ಸೂರ್ಯನ ಸ್ವಲ್ಪ ಭಾಗ ಮುಚ್ಚುತ್ತದೆ. ಮೋಡ ಇಲ್ಲದಿದ್ದರೆ ಆಗ ಜರಡಿ ಹಿಡಿದು ನೋಡೋಣ.

"ಗ್ರಹಣದಲ್ಲಿ ತಟ್ಟೆಯ ನೀರಿನಲ್ಲಿ ಒನಕೆ ನೆಟ್ಟಗೆ ನಿಲ್ಲುತ್ತದಲ್ಲ, ಅದಕ್ಕೇನಂತೀರಿ?" ಅಂತ ಅತ್ತೆ ಕೇಳಿದರು. ಒನಕೆ ತರಿಸಿದೆವು. ಇನ್ನೂ ಸಂಜೆ. ಗ್ರಹಣ ಶುರುವಾಗಿರಲಿಲ್ಲ. ಮಟ್ಟಸ ನೆಲದ ಮೇಲೆ ತಟ್ಟೆ ಇಟ್ಟು, ತಾಳ್ಮೆಯಿಂದ ನಿಲ್ಲಿಸಿದೆವು. ಒನಕೆ ನಿಂತಿತು! ತುದಿ ಮಟ್ಟವಾಗಿದ್ದರೆ ಯಾವ ದಿನವಾದರೂ ನಿಲ್ಲುತ್ತದೆ. ಬೇರೆ ದಿನ ನಾವು ನಿಲ್ಲಿಸಿ ನೋಡಿರಲಿಲ್ಲ, ಅಷ್ಟೇ.

ಅತ್ತೆ ಒನಕೆಯನ್ನು ಸ್ವಲ್ಪ ಹೊತ್ತು ನೋಡಿದರು. ಏನೂ ಮಾತಾಡಲಿಲ್ಲ.

ಆ ರಾತ್ರಿ

ರಾತ್ರಿ ಹತ್ತರ ಹೊತ್ತಿಗೆ ಅಂಗಳಕ್ಕೆ ಬಂದೆವು. ಮೋಡ ಬಂದು ಹೋಗುತ್ತಿತ್ತು. ಮೋಡ ಸರಿದಾಗ ಚಂದ್ರನ ಒಂದು ಅಂಚು ಮಸುಕಾಗಿತ್ತು. ನೆರಳಿನ ಅಂಚು ಗುಂಡಗಿತ್ತು. ಭೂಮಿ ಗುಂಡಗಿದೆ, ಅದಕ್ಕೇ ಅದರ ನೆರಳೂ ಗುಂಡಗೆ. ಹನ್ನೊಂದು ಗಂಟೆಗೆ ಚಂದ್ರ ಪೂರ್ತಿ ನೆರಳೊಳಗೆ ಹೋಯಿತು. ಆದರೆ ಮಾಯವಾಗಲಿಲ್ಲ. ತಾಮ್ರದ ತಟ್ಟೆಯ ಹಾಗೆ ಕೆಂಪಾಯಿತು. ಭೂಮಿಯ ಸುತ್ತಲ ಗಾಳಿಯಲ್ಲಿ ಹಾದ ಸೂರ್ಯನ ಕೆಂಪು ಬೆಳಕು ಬಾಗಿ ಚಂದ್ರನ ಮೇಲೆ ಬೀಳುತ್ತದೆ. ಮುಳುಗುವ ಸೂರ್ಯ ಕೆಂಪಾಗಿ ಕಾಣುತ್ತದಲ್ಲ, ಅದೇ ಬಣ್ಣ.

ಆ ಹುಡುಗಿಯೂ ಅತ್ತೆಯ ಜೊತೆ ಜಗಲಿಗೆ ಬಂದಿದ್ದಳು. ಅವಳ ಕೈಯಲ್ಲಿ ಒಂದು ಲೋಟ ಹಾಲು ಇತ್ತು. ಅತ್ತೆಯೇ ಕಾಯಿಸಿ ಕೊಟ್ಟಿದ್ದರು. ಹಾಲಿನಲ್ಲಿ ಒಂದು ತುಳಸಿ ಎಲೆ ತೇಲುತ್ತಿತ್ತು.

"ನನ್ನ ಸಮಾಧಾನಕ್ಕೆ ಹಾಕಿದೀನಿ. ಕುಡಿಯಲಿ ಬಿಡಿ" ಅಂದರು ಅತ್ತೆ.

ಇರಲಿ. ತುಳಸಿ ಎಲೆಯಿಂದ ತೊಂದರೆ ಇಲ್ಲ. ಹಸಿವಿನಿಂದ ತೊಂದರೆ ಇತ್ತು.

ನವೆಂಬರ್ ತಿಂಗಳಲ್ಲಿ ಅವಳಿಗೆ ಹೆರಿಗೆ ಆಯಿತು. ಹೆಣ್ಣು ಮಗು. ತಾಯಿ ಮಗು ಚೆನ್ನಾಗಿದ್ದಾರೆ. ಆ ಸೀಳುತುಟಿ ಮಗುವಿನ ತಾಯಿಯ ಮನೆಗೂ ನಾವು ಒಂದು ದಿನ ಹೋದೆವು. ಈ ಪಾಠವನ್ನು ಅವರ ಮುಂದೆ ಓದಿ ಹೇಳಿದೆವು. "ನಿನ್ನ ತಪ್ಪಲ್ಲ" ಅನ್ನುವ ಸಾಲು ಬಂದಾಗ, "ಇನ್ನೊಂದು ಸಲ ಓದಿ" ಅಂದರು. ಓದಿದೆವು.

ಹೊಸ ಪದಗಳು
ಗ್ರಹ: ನಕ್ಷತ್ರದ ಸುತ್ತ ಸುತ್ತುವ ದೊಡ್ಡ ಗೋಳ.
ಉಪಗ್ರಹ: ಗ್ರಹದ ಸುತ್ತ ಸುತ್ತುವುದು. ಚಂದ್ರ ಭೂಮಿಯ ಉಪಗ್ರಹ.
ನಕ್ಷತ್ರ: ಸ್ವಂತ ಬೆಳಕು ಇರುವುದು. ಸೂರ್ಯ ಒಂದು ನಕ್ಷತ್ರ.
ಸೌರಮಂಡಲ: ಸೂರ್ಯ ಮತ್ತು ಅದರ ಮನೆಮಂದಿ.

ಹೇಳಿ ನೋಡೋಣ
1. ರೋಹಿಣಿ ಮಳೆ ಬರುವಾಗ ರೋಹಿಣಿ ನಕ್ಷತ್ರ ಯಾಕೆ ಕಾಣುವುದಿಲ್ಲ?
2. ಚಂದ್ರಗ್ರಹಣ ಹುಣ್ಣಿಮೆಗೇ ಯಾಕೆ ಆಗುತ್ತದೆ?
3. ಬೆಳ್ಳಿ ಚುಕ್ಕಿ ಯಾವ ಗ್ರಹ?
4. ಗ್ರಹಣದ ದಿನ ಬಸುರಿ ಹೆಂಗಸಿಗೆ ನೀವು ಏನು ಹೇಳುತ್ತೀರಿ?

ಮಾಡಿ ನೋಡೋಣ
1. ದೀಪ, ನಿಂಬೆಹಣ್ಣು ಇಟ್ಟುಕೊಂಡು ಮನೆಯ ಮಕ್ಕಳಿಗೆ ಗ್ರಹಣ ತೋರಿಸಿ.
2. ಯಾವುದಾದರೂ ಒಂದು ಸಾದಾ ದಿನ ಒನಕೆ ನಿಲ್ಲಿಸಿ ನೋಡಿ.
3. ಈ ಪಾಠವನ್ನು ಓದಲು ಬಾರದ ಒಬ್ಬ ಹೆಂಗಸಿಗೆ ಓದಿ ಹೇಳಿ.